ಬೇರೆ ದಾರಿಯೇ ಇಲ್ಲದಾಗ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ವಾಟ್ಸ್‌ಆ್ಯಪ್ ಪ್ರಕರಣ ಎತ್ತಿದ ಪ್ರಶ್ನೆ

2021ರ ಜನವರಿಯಲ್ಲಿ ದೇಶದ ಕೋಟ್ಯಂತರ ಮೊಬೈಲ್‌ಗಳಲ್ಲಿ ವಾಟ್ಸ್‌ಆ್ಯಪ್‌ನ ಒಂದು ಸೂಚನೆ ಕಾಣಿಸಿಕೊಂಡಿತು. ಗೌಪ್ಯತಾ ನೀತಿ ಬದಲಾಗುತ್ತಿದೆ, ಫೆಬ್ರವರಿ 8ರ ನಂತರವೂ ಸೇವೆ ಬೇಕಿದ್ದರೆ ಒಪ್ಪಿಕೊಳ್ಳಿ ಎಂಬುದು ಅದರ ಸಾರ. 'ಈಗ ಬೇಡ' ಎಂದು ಮುಂದೂಡಬಹುದಿತ್ತು. ಆದರೆ ಹೊಸ ನೀತಿಯನ್ನು ತಿರಸ್ಕರಿಸಿ, ಸೇವೆಯನ್ನೂ ಉಳಿಸಿಕೊಳ್ಳುವ ಆಯ್ಕೆ ಇರಲಿಲ್ಲ. ವಿರೋಧ ಜೋರಾದಾಗ ಕಂಪನಿ ಗಡುವನ್ನು ಮೇ 15ಕ್ಕೆ ಮುಂದೂಡಿತು. ಒಪ್ಪದವರ ಖಾತೆಯನ್ನು ಅಳಿಸುವುದಿಲ್ಲ ಎಂದೂ ಆಮೇಲೆ ಹೇಳಿತು. ಅಷ್ಟರಲ್ಲಿ ಬಹುತೇಕರು ಓದದೆಯೇ ಒಪ್ಪಿಗೆ ಒತ್ತಿಯಾಗಿತ್ತು.

ನಾವು ಕಳಿಸುವ ಸಂದೇಶವನ್ನು ಕಂಪನಿ ಓದುತ್ತದೆಯೇ ಎಂಬುದು ಇಲ್ಲಿನ ವಿವಾದವಲ್ಲ. ವೈಯಕ್ತಿಕ ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆ ಇದೆ. ವಿವಾದ ಇರುವುದು ಸಂದೇಶದ ಸುತ್ತಲಿನ ಮಾಹಿತಿಯ ಬಗ್ಗೆ. ನಮ್ಮ ಫೋನ್ ನಂಬರ್, ಬಳಸುವ ಸಾಧನ, ಐಪಿ ವಿಳಾಸ, ವ್ಯಾಪಾರ ಸಂಸ್ಥೆಗಳ ಜೊತೆಗಿನ ವ್ಯವಹಾರದ ವಿವರ ಇವೆಲ್ಲ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮಾತೃಸಂಸ್ಥೆ ಮೆಟಾ ಕೈಸೇರಿದರೆ, ನಮ್ಮಲ್ಲಿ ಯಾರಿಗೆ ಯಾವ ಜಾಹೀರಾತು ತೋರಿಸಬೇಕು ಎಂಬುದು ಅದಕ್ಕೆ ಇನ್ನಷ್ಟು ಕರಾರುವಾಕ್ಕಾಗಿ ಗೊತ್ತಾಗುತ್ತದೆ.

ಬಿಡುವುದು ಏಕೆ ಸುಲಭವಲ್ಲ?

'ಇಷ್ಟವಿಲ್ಲದಿದ್ದರೆ ಬೇರೆ ಆ್ಯಪ್ ಬಳಸಿ' ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಕೇಳಲು ಸರಿಯೆನಿಸುತ್ತದೆ. ಆದರೆ ಪುಣೆಯಲ್ಲಿರುವ ಮಗ ವಾಟ್ಸ್‌ಆ್ಯಪ್ ಬಿಟ್ಟರೆ ಹುಬ್ಬಳ್ಳಿಯಲ್ಲಿರುವ ಅಮ್ಮ, ಅಕ್ಕ, ಸೋದರಮಾವ ಎಲ್ಲರೂ ಅವನ ಜೊತೆ ಬೇರೆ ಆ್ಯಪ್‌ಗೆ ಬರಬೇಕು. ಮಕ್ಕಳ ಶಾಲೆಯ ಗುಂಪು, ಅಪಾರ್ಟ್‌ಮೆಂಟ್ ಗುಂಪು, ಮುಂಬೈ ಅಥವಾ ಚೆನ್ನೈನ ಕನ್ನಡ ಸಂಘದ ಗುಂಪು ಕೂಡ ಬರಬೇಕು. ಅದು ಆಗುವ ಮಾತಲ್ಲ. ಸೇವೆ ಚೆನ್ನಾಗಿದೆ ಎಂಬ ಕಾರಣಕ್ಕಿಂತ, ಎಲ್ಲರೂ ಅಲ್ಲೇ ಇದ್ದಾರೆ ಎಂಬ ಕಾರಣಕ್ಕೆ ನಾವೂ ಅಲ್ಲಿದ್ದೇವೆ. ಇಂಥ ಕಡೆ ಸಿಗುವ ಒಪ್ಪಿಗೆಯಲ್ಲಿ ಇಚ್ಛೆಗಿಂತ ಅನಿವಾರ್ಯತೆಯೇ ಹೆಚ್ಚು.

ಭಾರತೀಯ ಸ್ಪರ್ಧಾ ಆಯೋಗ ಹಿಡಿದದ್ದು ಇದೇ ಎಳೆಯನ್ನು. 2021ರ ಮಾರ್ಚ್‌ನಲ್ಲಿ ಅದು ತನಿಖೆಗೆ ಆದೇಶಿಸಿತು. ಖಾಸಗಿತನದ ವಿಷಯ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ ಎಂದು ಕಂಪನಿಗಳು ದೆಹಲಿ ಹೈಕೋರ್ಟ್‌ಗೆ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋದವು. ಎರಡೂ ಕಡೆ ತನಿಖೆಗೆ ತಡೆ ಸಿಗಲಿಲ್ಲ. 2024ರ ನವೆಂಬರ್ 18ರಂದು ಆಯೋಗ ತೀರ್ಪು ಕೊಟ್ಟಿತು. ಮಾರುಕಟ್ಟೆಯಲ್ಲಿನ ಪ್ರಾಬಲ್ಯದ ದುರ್ಬಳಕೆ ಆಗಿದೆ ಎಂದು ಹೇಳಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಜಾಹೀರಾತಿಗಾಗಿ ವಾಟ್ಸ್‌ಆ್ಯಪ್ ಮಾಹಿತಿಯನ್ನು ಐದು ವರ್ಷ ಹಂಚಿಕೊಳ್ಳುವಂತಿಲ್ಲ ಎಂದೂ ನಿರ್ಬಂಧಿಸಿತು.

ಮೇಲ್ಮನವಿ ಆಲಿಸಿದ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2025ರ ನವೆಂಬರ್ 4ರಂದು ದಂಡವನ್ನು ಎತ್ತಿಹಿಡಿಯಿತು, ಐದು ವರ್ಷಗಳ ನಿರ್ಬಂಧವನ್ನು ರದ್ದುಪಡಿಸಿತು. ಬಳಕೆದಾರರಿಗೆ ಆಯ್ಕೆ ಕೊಡಬೇಕೆಂಬ ಷರತ್ತು ಜಾಹೀರಾತಿನ ಉದ್ದೇಶಕ್ಕೂ ಅನ್ವಯಿಸುತ್ತದೆ ಎಂದು ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು.

ದಂಡದ ಲೆಕ್ಕ

213 ಕೋಟಿ ರೂಪಾಯಿ ನಮಗೆ ದೊಡ್ಡ ಮೊತ್ತ. ಮೆಟಾ 2024ರಲ್ಲಿ ಗಳಿಸಿದ ಆದಾಯ ಸುಮಾರು 16,450 ಕೋಟಿ ಡಾಲರ್. ಗಂಟೆ ಲೆಕ್ಕದಲ್ಲಿ ಹೇಳುವುದಾದರೆ, ಈ ದಂಡ ಆ ಕಂಪನಿಯ ಒಂದೂವರೆ ಗಂಟೆಯ ಆದಾಯಕ್ಕೂ ಸಮವಲ್ಲ. ಇಂಥ ದಂಡವನ್ನು ವ್ಯಾಪಾರದ ಖರ್ಚೆಂದು ಬರೆದುಕೊಂಡು ಮುಂದೆ ಹೋಗುವುದು ಕಷ್ಟವೇನಲ್ಲ.

ವಾಟ್ಸ್‌ಆ್ಯಪ್‌ನ ಇತಿಹಾಸವೂ ಅದನ್ನೇ ಹೇಳುತ್ತದೆ. 2014ರಲ್ಲಿ 1,900 ಕೋಟಿ ಡಾಲರ್‌ಗೆ ಅದನ್ನು ಕೊಳ್ಳುವ ಒಪ್ಪಂದವಾದಾಗ, ಎರಡೂ ಸೇವೆಗಳ ಖಾತೆಗಳನ್ನು ತಾಳೆ ಹಾಕಲು ತಾಂತ್ರಿಕವಾಗಿ ಸಾಧ್ಯವಿಲ್ಲ ಎಂದು ಫೇಸ್‌ಬುಕ್ ಯುರೋಪಿಯನ್ ಕಮಿಷನ್‌ಗೆ ತಿಳಿಸಿತ್ತು. ಎರಡೇ ವರ್ಷದಲ್ಲಿ, 2016ರ ಆಗಸ್ಟ್‌ನಲ್ಲಿ, ಖಾತೆಗಳನ್ನು ಜೋಡಿಸಲು ಅವಕಾಶ ಕೊಡುವ ನೀತಿ ಹೊರಬಂತು. ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ 2017ರಲ್ಲಿ ಫೇಸ್‌ಬುಕ್‌ಗೆ 11 ಕೋಟಿ ಯೂರೋ ದಂಡ ಬಿತ್ತು. ಖರೀದಿ ಮಾತ್ರ ಹಾಗೆಯೇ ಉಳಿಯಿತು.

ಕಾನೂನು ಇದೆ, ಸಾಕೇ?

ಖಾಸಗಿತನದ ಹೋರಾಟದಲ್ಲಿ ಕನ್ನಡಿಗರೊಬ್ಬರ ಹೆಸರು ಸ್ಥಿರವಾಗಿ ಉಳಿದಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಹೇಳಿತು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಸಿಗುವ ರಕ್ಷಣೆ. ಕಂಪನಿಗಳನ್ನು ಕಟ್ಟಿಹಾಕಲು ಪ್ರತ್ಯೇಕ ಕಾಯ್ದೆ ಬೇಕಿತ್ತು.

ಆ ಕಾಯ್ದೆ 2023ರಲ್ಲಿ ಬಂತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದೆ ಇರಬೇಕು. ಉಲ್ಲಂಘಿಸಿದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆದರೆ ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ಅವಕಾಶ ಈ ಕಾಯ್ದೆಯಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂನಲ್ಲಿದ್ದ ಪರಿಹಾರದ ಅವಕಾಶವನ್ನೂ ತೆಗೆದುಹಾಕಲು ಇದೇ ಕಾಯ್ದೆ ಹೇಳುತ್ತದೆ.

ಹೊರಹೋಗುವ ಬಾಗಿಲು ಬೇಕು

ಒಪ್ಪಿಗೆಗೆ ಅರ್ಥ ಬರಬೇಕಾದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಇರಬೇಕು. ಖಾಸಗಿತನ ಒಂದು ಕಾಯ್ದೆಗೆ, ಸ್ಪರ್ಧೆ ಇನ್ನೊಂದಕ್ಕೆ ಎಂದು ಬೇರ್ಪಡಿಸಿದರೆ ಈ ಅಂಶ ಎರಡರ ನಡುವೆ ಬಿದ್ದುಹೋಗುತ್ತದೆ.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. ಫೋನ್‌ಪೇ ಬಳಸುವವರು ಗೂಗಲ್ ಪೇ ಇರುವ ಅಂಗಡಿಯವರಿಗೆ ಹಣ ಕಳಿಸಬಹುದು. ಯುಪಿಐ ವ್ಯವಸ್ಥೆ ಎಲ್ಲ ಆ್ಯಪ್‌ಗಳನ್ನೂ ಬೆಸೆದಿದೆ. 2011ರಿಂದ ದೇಶದೆಲ್ಲೆಡೆ ನಂಬರ್ ಬದಲಿಸದೆ ಮೊಬೈಲ್ ಕಂಪನಿ ಬದಲಿಸಬಹುದು. ಸಂದೇಶ ಸೇವೆಗೂ ಇದೇ ತತ್ವ ಅನ್ವಯಿಸಿದರೆ, ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಸಂದೇಶ ಹೋಗುವಂತಾದರೆ, ಅಮ್ಮನನ್ನು ಕಳೆದುಕೊಳ್ಳದೆ ಮಗ ವಾಟ್ಸ್‌ಆ್ಯಪ್ ಬಿಡಬಹುದು. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ ಈ ಬಾಗಿಲು ತೆರೆಯಬೇಕೆಂದು ವಾಟ್ಸ್‌ಆ್ಯಪ್‌ಗೆ ಕಡ್ಡಾಯ ಮಾಡಿದೆ. ಸಂದೇಶದ ಗೌಪ್ಯತೆ ಕೆಡದಂತೆ ಇದನ್ನು ಮಾಡುವುದು ತಾಂತ್ರಿಕವಾಗಿ ಸುಲಭವಲ್ಲ ಎಂಬುದು ನಿಜ. ಹಾಗೆಂದು ಪ್ರಯತ್ನವನ್ನೇ ಕೈಬಿಡಬೇಕಿಲ್ಲ.

ಭಾರತದಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲೇ ಹೊರಬಂದಿತ್ತು. ತಪ್ಪು ನಡೆದ ಮೇಲೆ ವರ್ಷಗಟ್ಟಲೆ ತನಿಖೆ ಮಾಡುವ ಬದಲು, ದೊಡ್ಡ ಕಂಪನಿಗಳಿಗೆ ಮೊದಲೇ ನಿಯಮ ಹಾಕುವುದು ಅದರ ಉದ್ದೇಶ. ವಾಟ್ಸ್‌ಆ್ಯಪ್ ನೀತಿ ಬಂದು ಆಯೋಗದ ಆದೇಶ ಹೊರಬೀಳುವಷ್ಟರಲ್ಲಿ ಸುಮಾರು ನಾಲ್ಕು ವರ್ಷ ಕಳೆದಿದ್ದವು ಎಂಬುದನ್ನು ನೆನೆದರೆ ಇದರ ಅಗತ್ಯ ಅರ್ಥವಾಗುತ್ತದೆ. ದತ್ತಾಂಶ ಕಾಯ್ದೆ ಪೂರ್ತಿ ಜಾರಿಯಾಗುವ 2027ರ ಮೇ ಹೊತ್ತಿಗೆ ಈ ನಿಯಮಗಳೂ ಜೊತೆಗಿರಬೇಕು. ಇಲ್ಲವಾದರೆ ಮುಂದಿನ ಸಲ ಪರದೆ ಮೇಲೆ ಸೂಚನೆ ಬಂದಾಗಲೂ ನಾವು ಓದದೆಯೇ ಒಪ್ಪಿಗೆ ಒತ್ತುತ್ತೇವೆ. ಓದಿದರೂ ಬೇರೆ ದಾರಿ ಇರುವುದಿಲ್ಲ.