ಟಿಪ್ಪುವಿನ ತಗಾವಿ ಮತ್ತು ಮೂರು ಕೋಟಿಯ ದಂಡ



ಟಿಪ್ಪು ಸುಲ್ತಾನನ ಹೆಸರು ಎತ್ತಿದರೆ ಸಾಕು, ಊರಕಟ್ಟೆಯ ಮೇಲೆ ಎರಡು ಗುಂಪು ಆಗುತ್ತವೆ. ಒಬ್ಬರು ಹುಲಿ ಅಂತಾರೆ, ಇನ್ನೊಬ್ಬರು ಕ್ರೂರಿ ಅಂತಾರೆ. ಕೊಡಗು, ಮಲಬಾರುಗಳಲ್ಲಿ ಅವನ ದಂಡು ಮಾಡಿದ್ದು ಚರಿತ್ರೆಯಲ್ಲಿದೆ, ಅದನ್ನು ಮುಚ್ಚಿಡುವುದು ಬೇಡ. ಆದರೆ ಭೂಮಿ ಉಳುವವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅವನ ರಾಜ್ಯದಲ್ಲಿ ರೈತನ ಲೆಕ್ಕ ಹೇಗಿತ್ತು? ರಾಜ್ಯ ಮುಳುಗಿದಾಗ ಅದರ ಸಾಲ ಯಾರ ತಲೆಗೆ ಬಂತು?

1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪು ಸುಮ್ಮನೆ ಕೂಡುವ ಅರಸನಾಗಿರಲಿಲ್ಲ. ಅಳತೆ, ತೂಕ, ನಾಣ್ಯ, ಕೊನೆಗೆ ಪಂಚಾಂಗವನ್ನೂ ಬದಲಿಸಿದ. ರೇಷ್ಮೆ ಸಾಕಣೆ ತಂದ. ಪಾಳೆಯಗಾರರನ್ನು ಕಿತ್ತು ಕಂದಾಯಕ್ಕೆ ತನ್ನ ಅಮಲ್ದಾರರನ್ನು ಇಟ್ಟ. ಅವನ ಕಂದಾಯದ ಕಾನೂನುಗಳನ್ನು ಇಂಗ್ಲಿಷರೇ 1792ರಲ್ಲಿ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಅದರಲ್ಲಿ ಏನಿತ್ತು ನೋಡಿರಿ. ನೇಗಿಲಿಲ್ಲದ ಬಡ ರೈತನಿಗೆ ತಗಾವಿ ಕೊಡಬೇಕು, ಒಂದೆರಡು ವರ್ಷದಲ್ಲಿ ತೀರಿಸಿಕೊಳ್ಳಬೇಕು. ಬಹಳ ವರ್ಷ ಬೀಳುಬಿದ್ದ ಹೊಲ ಒಡೆದವನಿಗೆ ಮೊದಲ ವರ್ಷ ಕಂದಾಯ ಮಾಫಿ, ಮುಂದಿನ ವರ್ಷ ಅರ್ಧ, ಆಮೇಲೆ ಪೂರ್ತಿ. ಊರ ಗೌಡ ತನ್ನ ಹೊಲವನ್ನು ರೈತರಿಂದ ಬಿಟ್ಟಿ ಉಳಿಸಿಕೊಳ್ಳಕೂಡದು.

ಕಾವೇರಿಗೆ ಅಣೆ ಹಾಕಲೂ ಹೊರಟಿದ್ದ. 1794ರ ಪಾರಸಿ ಶಾಸನವೊಂದು ಮುಂದೆ ಕನ್ನಂಬಾಡಿಯ ಕಟ್ಟೆ ಕಟ್ಟುವಾಗ ಸಿಕ್ಕಿತು. ಈ ನೀರಿನಿಂದ ಹೊಸದಾಗಿ ಸಾಗುವಳಿ ಮಾಡಿದವನಿಗೆ ಕಂದಾಯದಲ್ಲಿ ಕಾಲು ಭಾಗ ಬಿಟ್ಟಿದೆ, ಭೂಮಿ ಅವನ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲುತ್ತದೆ ಅಂತ ಅದರ ಒಕ್ಕಣೆ. ಕಲ್ಲು ಉಳಿಯಿತು, ಅವನ ಅಣೆಕಟ್ಟು ಆಗಲಿಲ್ಲ. ಅಲ್ಲಿ ಕೆಲಸ ಸುರುವಾದದ್ದು 1911ರಲ್ಲಿ.

ಯಾಕೆ ಆಗಲಿಲ್ಲ? ಈ ಕಥೆಯಲ್ಲಿ ನಮ್ಮ ಕೃಷ್ಣಾತೀರದ ಪಾಲೂ ಇದೆ. ಮುಂದೆ ಜಮಖಂಡಿ ಸಂಸ್ಥಾನ ಆಳಿದ ಪಟವರ್ಧನ ಮನೆತನದವನೇ ಪರಶುರಾಮ ಭಾವೂ. 1790ರಲ್ಲಿ ಅವನು ಇಂಗ್ಲಿಷರ ಒಂದು ತುಕಡಿಯನ್ನೂ ಕಟ್ಟಿಕೊಂಡು ಬಂದು ಧಾರವಾಡಕ್ಕೆ ಮುತ್ತಿಗೆ ಹಾಕಿದ. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ, ಟಿಪ್ಪುವಿನ ನಾಡು ಚೆನ್ನಾಗಿ ಸಾಗುವಳಿಯಾಗಿದೆ, ಜನ ತುಂಬಿದ್ದಾರೆ ಅಂತ ಬರೆದಿಟ್ಟ. ಬರೆದವನು ಶತ್ರು, ಹೊಗಳುವ ಹಂಗು ಅವನಿಗಿರಲಿಲ್ಲ. ಅಂಥ ನಾಡಿನ ಮೇಲೆ ದಂಡು ಹಾಯಿತು. 1791ರಲ್ಲಿ ಮರಾಠಾ ದಂಡಿನ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನೇ ಲೂಟಿ ಮಾಡಿದರು. ಮಠ ಮತ್ತೆ ಎದ್ದು ನಿಲ್ಲಲು ಹಣ, ದವಸ ಕೊಡಿಸಿದವನು ಟಿಪ್ಪು. ಅದೇ ಟಿಪ್ಪು 1785ರಲ್ಲಿ, ಹೆಚ್ಚಿನ ಕಪ್ಪ ಕೊಡಲಾರೆ ಅಂದ ನರಗುಂದದ ಮೇಲೆ ದಂಡು ಕಳಿಸಿ ಕೋಟೆ ಹಿಡಿದಿದ್ದ. ಯಾವ ಅರಸನ ದಂಡು ಬಂದರೂ ಬರಿದಾಗುವುದು ರೈತನ ಹಗೇವು.

ಈಗ ಸಾಲದ ಮಾತಿಗೆ ಬರೋಣ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. ಅದನ್ನು ಇಂಗ್ಲಿಷರು, ನಿಜಾಮ, ಮರಾಠರು ಹಂಚಿಕೊಂಡರು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ನಾವು ಸಾಲಕ್ಕೆ ಹೊಲ ಒತ್ತೆ ಇಡುತ್ತೇವೆ, ಅವನು ಎರಡು ಎಳೆಯ ಮಕ್ಕಳನ್ನೇ ಒತ್ತೆ ಇಡಬೇಕಾಯಿತು. ಆ ಹುಡುಗರು ತಿರುಗಿ ಬಂದದ್ದು 1794ರಲ್ಲಿ. ಖಜಾನೆಯಿಂದ ಕೊಟ್ಟದ್ದು ಮೂರನೆಯ ಒಂದು ಪಾಲು ಮಾತ್ರ, ಸೈನ್ಯದಿಂದ ಸ್ವಲ್ಪ ಎತ್ತಿದರು, ಸುಮಾರು ಅರ್ಧದಷ್ಟು ಹೊರೆ ಅಧಿಕಾರಿಗಳ ಮತ್ತು ಪ್ರಜೆಗಳ ಮೇಲೆ ಬಿತ್ತು ಅಂತ ಚರಿತ್ರೆ ಬರೆದ ವಿಲ್ಕ್ಸ್ ಲೆಕ್ಕ ಕೊಟ್ಟಿದ್ದಾನೆ. ಅಧಿಕಾರಿಯ ಮೇಲೆ ಬಿದ್ದ ಹೊರೆ ಕೊನೆಗೆ ಎಲ್ಲಿ ಇಳಿಯುತ್ತದೆ ಅಂತ ನಿಮಗೆ ಹೇಳಬೇಕೇ? ತಗಾವಿ ಕೊಟ್ಟ ಕೈಯೇ ದಂಡ ವಸೂಲಿಗೂ ಬಂತು.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಕಾದಾಡುತ್ತ ಸತ್ತ. ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಗಾದಿಗೆ ಕೂಡಿಸಿದರು. ಟಿಪ್ಪುವಿನ ಹಣಕಾಸು ನೋಡಿದ ಪೂರ್ಣಯ್ಯನೇ ಹೊಸ ಅರಸರಿಗೂ ದಿವಾನನಾದ. ಅರಸ ಬದಲಾದ, ಕಂದಾಯದ ಕಡತ ಬದಲಾಗಲಿಲ್ಲ. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕೆಂದು ಆಯಿತು. ಆ ಕಪ್ಪ 1928ರಲ್ಲಿ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಇಷ್ಟು ಹಣ ಎತ್ತಿಯೇ ಕೊಡುತ್ತೇನೆ ಅಂತ ಅಮಲ್ದಾರನಿಂದ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಮೈಸೂರಿನಲ್ಲಿ ಬಂತು. 1830ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿ ತಿರುಗಿಬಿದ್ದರು. 1831ರಲ್ಲಿ ಕಂಪನಿ ರಾಜ್ಯವನ್ನೇ ವಶಕ್ಕೆ ತೆಗೆದುಕೊಂಡಿತು.

ಇದು ನಮ್ಮಲ್ಲೇ ಆದದ್ದಲ್ಲ. ಅದೇ ಕಾಲಕ್ಕೆ ಯುರೋಪಿನ ಪೋಲೆಂಡಿನಲ್ಲಿ ಸ್ಟಾನಿಸ್ಲಾವ್ ಎಂಬ ಸುಧಾರಕ ಅರಸನಿದ್ದ. 1791ರ ಮೇ 3ರಂದು ಹೊಸ ಸಂವಿಧಾನ ಬಂತು. ಆದರೆ ಒಕ್ಕಲಿನವರು ಜಮೀನ್ದಾರರ ಜೀತದಲ್ಲೇ ಉಳಿದರು. ದಂಗೆಯೆದ್ದ ಕೊಷ್ಚುಷ್ಕೊ ಎಂಬ ದಳಪತಿ 1794ರಲ್ಲಿ ಅವರ ಬಿಟ್ಟಿ ಇಳಿಸಿದಾಗ ಹೊತ್ತು ಮೀರಿತ್ತು. 1795ಕ್ಕೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಸೇರಿ ಆ ರಾಜ್ಯವನ್ನು ನಕಾಶೆಯಿಂದಲೇ ಅಳಿಸಿದವು.

ನಾನು ಹೇಳುವುದು ಇಷ್ಟೇ. ಅರಸ ಒಳ್ಳೆಯವನೇ ಇರಬಹುದು, ಅವನ ಕಾನೂನೂ ಒಳ್ಳೆಯದೇ ಇರಬಹುದು. ಮೇಲಿಂದ ಇಳಿದು ಬಂದದ್ದು ಮೇಲಿನವನು ಬಿದ್ದ ದಿನ ಬೀಳುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಊರಲ್ಲಿ ಇರಬೇಕು. ಟಿಪ್ಪು ರೈತನಿಗೆ ನೇಗಿಲು ಕೊಟ್ಟ, ದರಬಾರಿನಲ್ಲಿ ಮಾತು ಕೊಡಲಿಲ್ಲ.

1785ರಲ್ಲಿ ಕೋಟೆ ಕಳೆದುಕೊಂಡ ನರಗುಂದದಲ್ಲೇ, ನವಲಗುಂದದಲ್ಲೂ, 1980ರ ಜುಲೈ 21ರಂದು ಮಲಪ್ರಭೆಯ ನೀರಿಗೆ ಹಾಕಿದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗುಂಡಿಗೂ ಎದೆ ಕೊಟ್ಟರು. ಆಗ ಸರ್ಕಾರಕ್ಕೆ ರೈತ ಕಂಡ. ನಮ್ಮ ಚಿಕ್ಕಪಡಸಲಗಿಯನ್ನು ನೋಡಿರಿ. ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು, 1989ರಲ್ಲಿ ಕೃಷ್ಣೆಗೆ ಶ್ರಮಬಿಂದು ಸಾಗರ ಕಟ್ಟಿದರು. ಹಿಪ್ಪರಗಿಯ ಬ್ಯಾರೇಜು ಸರ್ಕಾರದ್ದು, ಅದೂ ಬೇಕು. ಆದರೆ ಸರ್ಕಾರಕ್ಕೆ ನಾಚಿಕೆ ತಂದದ್ದು ರೈತರ ಕಟ್ಟೆ.

ಆದ್ದರಿಂದ ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ ಸಾಲ ಮನ್ನಾ ಅಂದಾಗ ಚಪ್ಪಾಳೆ ತಟ್ಟುವ ಮೊದಲು ಮೂರು ಮಾತು ಕೇಳಿರಿ. ಈ ಹಣ ಯಾರ ಕಿಸೆಯಿಂದ ಬರುತ್ತದೆ? ಇದು ಕಾನೂನೋ, ದಯೆಯೋ? ನೀವು ಹೋದ ಮೇಲೆ ನಡೆಯುತ್ತದೋ ಇಲ್ಲವೋ? ಕಬ್ಬಿನ ದರ ಸಾರಿದಾಗಲೂ ಇದನ್ನೇ ಕೇಳಿರಿ.

ಇನ್ನೊಂದು ಮಾತು ನಮಗೇ. ಬಿಟ್ಟಿ ಉಳಿಸಬೇಡ ಅಂತ ಟಿಪ್ಪು ಹೇಳಿದ್ದು ಊರ ಗೌಡನಿಗೆ, ಅಂದರೆ ನಮ್ಮಂಥ ಹೊಲ ಉಳ್ಳವನಿಗೆ. ನಮ್ಮ ಹೊಲದಲ್ಲಿ ಬಾಗಿ ದುಡಿಯುವವರಿಗೆ ಸರಿಯಾದ ಕೂಲಿ ಕೊಡದೆ, ನಮ್ಮ ಕಬ್ಬಿಗೆ ಸರಿಯಾದ ಬೆಲೆ ಕೇಳಲು ಯಾವ ಬಾಯಿ? ಅವರೂ ಕೂಡಿದರೇನೇ ಅದು ಕೂಟ. ಅಂಥ ಕೂಟ ಊರಲ್ಲಿದ್ದರೆ, ಕೋಟೆ ಯಾರದೇ ಬೀಳಲಿ, ನಮ್ಮ ಹೊಲ ಹರಾಜಿಗೆ ಬರುವುದಿಲ್ಲ.