ಗಾಳಿ-ನೀರಿನ ಹೆಸರಿನಲ್ಲಿ



ಮನೆಯೆಂಬುದು ಮನುಷ್ಯನು ಬಾಳುವ ತಾಣವೋ, ಭಾಗ್ಯವನ್ನು ಸೆಳೆದು ತರುವ ಯಂತ್ರವೋ? ಈ ಪ್ರಶ್ನೆಯನ್ನು ಜತ್ತ ತಾಲೂಕಿನ ಕನ್ನಡ ಶಾಲೆಗಳ ಗುರುಗಳೂ ವಿದ್ಯಾರ್ಥಿಗಳೂ ಇಂದು ಕೇಳಿಕೊಳ್ಳಬೇಕಾಗಿದೆ. ಫೆಂಗ್‌ಶುಯಿ ಎಂಬ ಚೀನಾದೇಶದ ಗೃಹಶಾಸ್ತ್ರವು ಪಟ್ಟಣದ ಅಂಗಡಿಗಳಿಂದ ಹೊರಟು ನಮ್ಮ ಪಡಸಾಲೆಗಳನ್ನೂ ಹೊಕ್ಕಿದೆ. ನಗುವ ಬುದ್ಧ, ನಾಣ್ಯ ಕಚ್ಚಿದ ಕಪ್ಪೆ, ಕೆಂಪು ದಾರ ಕಟ್ಟಿದ ಬಿದಿರು, ಬಾಗಿಲಲ್ಲಿ ತೂಗುವ ಗಾಳಿಗಂಟೆ, ಇವುಗಳ ಜೊತೆಗೆ ಎಂದೂ ಬಾಡದ ಪ್ಲಾಸ್ಟಿಕ್ ಹೂವುಗಳು. ಈ ಸಾಮಾನುಗಳ ಹಿಂದೆ ಒಂದು ಭಯವೂ ಮನೆಯೊಳಗೆ ಬಂದು ಕುಳಿತಿದೆ. ನನ್ನ ವಿರೋಧವೆಲ್ಲ ಆ ಭಯಕ್ಕೆ.

ಫೆಂಗ್‌ಶುಯಿ ಎಂಬ ಮಾತಿನ ಅರ್ಥ 'ಗಾಳಿ-ನೀರು'. ಪ್ರಾಚೀನ ಚೀನಾದಲ್ಲಿ ಸಮಾಧಿಗೆ ತಕ್ಕ ನೆಲವನ್ನು ಆರಿಸುವುದು ಈ ವಿದ್ಯೆಯ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಅದರ ಮೂಲಗ್ರಂಥಗಳಲ್ಲಿ ಒಂದಾದ 'ಸಮಾಧಿ ಗ್ರಂಥ'ವನ್ನು 324ರಲ್ಲಿ ತೀರಿಕೊಂಡ ಗುವೊ ಪು ಎಂಬ ವಿದ್ವಾಂಸನ ಹೆಸರಿಗೆ ಹಚ್ಚುತ್ತಾರೆ. ಬೆನ್ನಿಗೆ ಗುಡ್ಡವಿರಬೇಕು, ಮುಂದೆ ನೀರಿರಬೇಕು, ಮನೆ ದಕ್ಷಿಣಕ್ಕೆ ತೆರೆದಿರಬೇಕು ಎಂಬ ವಿಚಾರಗಳು, ಉತ್ತರದಿಂದ ಕೊರೆಯುವ ಚಳಿಗಾಳಿ ಬೀಸುವ ದೇಶದ ಅನುಭವಕ್ಕೆ ಹೊಂದುವಂಥವು. ಆ ಜನರು ತಮ್ಮ ನೆಲವನ್ನು ನೋಡಿ ಕಲಿತರು. ನಾವಾದರೋ ನಮ್ಮ ನೆಲವನ್ನು ನೋಡುವುದನ್ನು ಬಿಟ್ಟು ಅವರ ಗೊಂಬೆಗಳನ್ನು ಕೊಂಡು ತರುತ್ತಿದ್ದೇವೆ!

ಭಾಷೆಯನ್ನು ಕಲಿಸುವ ನಾವು ಇನ್ನೊಂದು ಸಂಗತಿಯನ್ನು ಅವಶ್ಯವಾಗಿ ಗಮನಿಸಬೇಕು. ಆ ನಾಡಿನ ಶುಭಚಿಹ್ನೆಗಳಲ್ಲಿ ಹಲವು ಬರಿಯ ಶ್ಲೇಷೆಗಳು. ಚೀನೀ ಭಾಷೆಯಲ್ಲಿ ಮೀನಿಗೂ ಸಮೃದ್ಧಿಗೂ 'ಯು' ಎಂಬ ಒಂದೇ ಉಚ್ಚಾರ; ಆದುದರಿಂದ ಮೀನು ಶುಭ. ಬಾವಲಿಗೂ ಭಾಗ್ಯಕ್ಕೂ 'ಫು' ಎಂಬ ಒಂದೇ ಉಚ್ಚಾರ. ಆದುದರಿಂದ ಬಾವಲಿ ಶುಭ. ನಾಲ್ಕು ಎಂಬ ಸಂಖ್ಯೆಯ ಧ್ವನಿಯು ಸಾವು ಎಂಬ ಶಬ್ದದ ಧ್ವನಿಯನ್ನು ಹೋಲುತ್ತದೆ; ಆದುದರಿಂದ ನಾಲ್ಕು ಅಶುಭ. ನಮ್ಮ ಮೀನು ಎಂಬ ಮಾತಿನಲ್ಲಿ ಸಮೃದ್ಧಿಯ ದನಿ ಎಲ್ಲಿದೆ? ಬಾವಲಿ ಮನೆ ಹೊಕ್ಕರೆ ನಮ್ಮವರು ಕಸಬರಿಗೆ ಹಿಡಿದು ಓಡಿಸುತ್ತಾರೆ. ನಾಲ್ಕು ಮಂದಿ ಮೆಚ್ಚುವಂತೆ ಬಾಳು ಎಂದು ಹಿರಿಯರು ಹರಸುವ ನಾಡು ನಮ್ಮದು. ಶ್ಲೇಷೆಯು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲಾರದೆಂಬುದನ್ನು ಅಲಂಕಾರದ ಪಾಠದಲ್ಲಿ ಮಕ್ಕಳಿಗೆ ಹೇಳುವ ನಾವೇ, ಮನೆಗೆ ಬಂದೊಡನೆ ಪರಭಾಷೆಯ ಶ್ಲೇಷೆಗೆ ಹಣ ತೆತ್ತು ಅದನ್ನು ಗೋಡೆಗೆ ತೂಗುಹಾಕುವುದು ಎಂಥ ವಿಪರ್ಯಾಸ!

ಆ ಸಾಮಾನುಗಳನ್ನಾದರೂ ನಾವು ಅರಿತು ಕೊಂಡಿದ್ದೇವೆಯೇ? ನಗುವ ಬುದ್ಧನೆಂದು ಮಾರುವ ಮೂರ್ತಿ ಗೌತಮ ಬುದ್ಧನದಲ್ಲ. ಅದು 10ನೆಯ ಶತಮಾನದವನೆಂದು ಹೇಳಲಾಗುವ ಬುದಾಯಿ ಎಂಬ ಅಲೆಮಾರಿ ಸಂನ್ಯಾಸಿಯದು; ಬುದಾಯಿ ಎಂದರೆ ಬಟ್ಟೆಯ ಚೀಲ. ಚೀಲವೊಂದನ್ನು ಹೊತ್ತು ತಿರುಗಿದ ಭಿಕ್ಷುವನ್ನು ನಾವು ತಿಜೋರಿಯ ಕಾವಲಿಗೆ ಕೂರಿಸಿದ್ದೇವೆ. ಅದೃಷ್ಟದ ಬಿದಿರು ಬಿದಿರೇ ಅಲ್ಲ. ಅದು ಮಧ್ಯ ಆಫ್ರಿಕದ ಡ್ರಸೀನಾ ಎಂಬ ಗಿಡ. ಮನಿಪ್ಲಾಂಟ್ ಎಂಬ ಬಳ್ಳಿ ಶಾಂತಸಾಗರದ ದ್ವೀಪವೊಂದರ ಮೂಲದ್ದು. ಅದು ಎಲೆ ಬಿಡುತ್ತದೆ. ಹಣ ಬಿಟ್ಟುದನ್ನು ಕಂಡವರಿಲ್ಲ.

ಇದು ಹೊರಗಿನದೆಂಬ ಕಾರಣಕ್ಕೆ ನಾನು ಹಳಿಯುತ್ತಿಲ್ಲ. ನಮ್ಮ ಚಟ್ನಿಯ ಮೆಣಸಿನಕಾಯಿ ಅಮೆರಿಕದಿಂದ ಬಂದುದು. ಅದನ್ನು ನಾವು ತಿಂದು ನೋಡಿ ನಮ್ಮದಾಗಿಸಿಕೊಂಡೆವು. ನಮ್ಮ ವಾಸ್ತುವಿಗೂ ಇದೇ ಒರೆಗಲ್ಲು. ಪಶ್ಚಿಮದ ಗೋಡೆ ಚೈತ್ರ-ವೈಶಾಖಗಳಲ್ಲಿ ಸಂಜೆಯವರೆಗೆ ಕಾಯುತ್ತದೆ ಎಂಬುದನ್ನು ಉಷ್ಣಮಾಪಕ ತೋರಿಸುತ್ತದೆ; ಅಲ್ಲಿ ನೆರಳು ಮಾಡಿರೆಂದರೆ ಒಪ್ಪೋಣ. ಬಾಗಿಲು ದಕ್ಷಿಣಕ್ಕಿದೆಯಾದ್ದರಿಂದ ಮಗನಿಗೆ ನೌಕರಿ ಸಿಗಲಿಲ್ಲ ಎಂದರೆ ಅದನ್ನು ಅಳೆಯುವ ಮಾಪಕ ಯಾವುದು? ಸಾಲ ತೆಗೆದು ಇದ್ದ ಬಾಗಿಲನ್ನು ಮುಚ್ಚಿ ಹೊಸ ಬಾಗಿಲು ಒಡೆಯುವ ಬಡವನಿಗೆ ಬಡ್ಡಿಯೊಂದೇ ಖಚಿತವಾದ ಫಲ.

ಭಾಗ್ಯವೆಲ್ಲ ಒಲೆ, ಮಂಚ, ಕನ್ನಡಿಗಳ ಸ್ಥಾನದಲ್ಲಿದೆಯೆಂದು ನಂಬಿದ ಮನೆಯಲ್ಲಿ ದುರ್ಭಾಗ್ಯದ ಹೊಣೆ ಒಲೆಯ ಮುಂದಿರುವ ಹೆಣ್ಣುಮಗಳ ತಲೆಗೆ ಬರುತ್ತದೆ. ಬೆಳೆ ಬಾರದಿದ್ದರೆ ಸೊಸೆ ಕಸಬರಿಗೆಯನ್ನು ಎಲ್ಲಿಟ್ಟಳೆಂದು ಕೇಳುವರು. ಸಹ್ಯಾದ್ರಿಯು ಮಳೆಯ ಮೋಡಗಳನ್ನು ತಡೆದುಕೊಂಡ ಮೇಲೆ ಉಳಿಯುವ ಮಳೆನೆರಳಿನ ನಾಡಿದು ಎಂಬುದನ್ನು ಭೂಗೋಲದ ಪುಸ್ತಕದಲ್ಲಿ ಓದಿದವರೂ ಹಾಗೆ ಕೇಳುವರು! 2022ರ ನವೆಂಬರಿನಲ್ಲಿ ನಮ್ಮ ತಾಲೂಕಿನ ಹಳ್ಳಿಗಳ ಹೆಸರು ಎರಡು ರಾಜ್ಯಗಳ ಪತ್ರಿಕೆಗಳಲ್ಲಿ ಮೆರೆಯಿತು. ಗಡಿಯ ಆ ಗದ್ದಲದ ಬೇರಿನಲ್ಲಿ ಇದ್ದುದು ನೀರಿನ ಕೊರಗು. ಕೃಷ್ಣೆಯ ನೀರನ್ನು ಮ್ಹೈಸಾಳದಿಂದ ಹಂತಹಂತವಾಗಿ ಮೇಲೆತ್ತಿ ಈ ಕಡೆಗೆ ತರುವುದು ಪಂಪು, ಕಾಲುವೆ, ಹಣ, ಜನರ ಒತ್ತಾಯ ಇವುಗಳಿಂದ ಆಗುವ ಕೆಲಸ. ಈಶಾನ್ಯದ ಮೂಲೆಯಲ್ಲಿ ಗಾಜಿನ ಬಟ್ಟಲಿಟ್ಟರೆ ಕಾಲುವೆಗೆ ನೀರು ಬಾರದು.

ಫೆಂಗ್‌ಶುಯಿಯ ನೆಪದಿಂದಾದರೂ ಮನೆ ಚೊಕ್ಕಟವಾಗುತ್ತದಲ್ಲ, ಹೂವಿಟ್ಟರೆ ಮನಸ್ಸು ಶಾಂತವಾಗುತ್ತದಲ್ಲ ಎಂದು ಕೆಲವರು ಕೇಳಿಯಾರು. ನಿಜ. ಆದರೆ ಅಂಗಳ ಗುಡಿಸಿ, ಸೆಗಣಿಯಿಂದ ಸಾರಿಸಿ, ರಂಗೋಲಿ ಹಾಕುವುದಕ್ಕೆ ನಮ್ಮ ತಾಯಂದಿರಿಗೆ ಯಾವ ಕಪ್ಪೆಯ ಅಪ್ಪಣೆಯೂ ಬೇಕಾಗಿರಲಿಲ್ಲ. ಶಾಂತಿಯಿಂದ ಹೂವಿಡುವ ಕಲೆಯನ್ನು ಹೊರಗಿನಿಂದಲೇ ಕಲಿಯುವುದಾದರೆ ಜಪಾನಿನ ಇಕೆಬಾನಾವನ್ನು ಕಲಿಯೋಣ. ಅದು ಬುದ್ಧನಿಗೆ ಹೂವು ಅರ್ಪಿಸುವ ಪದ್ಧತಿಯಿಂದ ಬೆಳೆದು, 15ನೆಯ ಶತಮಾನದಲ್ಲಿ ಕ್ಯೋಟೋ ನಗರದ ರೊಕ್ಕಾಕುದೋ ದೇವಾಲಯದ ಇಕೆನೊಬೊ ಪುರೋಹಿತರ ಕೈಯಲ್ಲಿ ಕಲೆಯಾಯಿತು. ಅಲ್ಲಿ ಹೂವಿನ ರಾಶಿಯಿಲ್ಲ. ಮೊಗ್ಗಿಗೂ ಬಾಗಿದ ಕೊಂಬೆಗೂ ಬಾಡುವ ಎಲೆಗೂ ಸ್ಥಾನವುಂಟು. ನಡುವಣ ಬಯಲಿಗೂ ಬೆಲೆಯುಂಟು. ಆಯಾ ಋತುವಿನಲ್ಲಿ ಸಿಕ್ಕುದನ್ನು ಕಣ್ಣಿಟ್ಟು ನೋಡುವುದೇ ಅದರ ಸಾಧನೆ.

ಆ ಕಣ್ಣಿನಿಂದ ಜತ್ತದ ಹೊಲವನ್ನು ನೋಡಿರಿ. ಬದುವಿನ ಮೇಲೆ ತಂಗಡಿಯ ಹಳದಿ ಹೂವಿದೆ. ಹಿಂಗಾರಿನಲ್ಲಿ ಜೋಳದ ತೆನೆಯಿದೆ. ಮುಳ್ಳಿನ ನಡುವೆ ಬೆಂಕಿಯ ಬಣ್ಣ ತಾಳಿದ ಕುಸುಬಿಯಿದೆ. ನಾವು ಎಣ್ಣೆಗಾಗಿ ಬಿತ್ತುವ ಈ ಕುಸುಬಿಯ ಹೂವಿನಿಂದಲೇ ಜಪಾನಿನವರು ತುಟಿಯ ಕೆಂಪನ್ನೂ ಬಟ್ಟೆಯ ಬಣ್ಣವನ್ನೂ ತೆಗೆದರು. ಒಣಗಿದ ಕುಸುಬಿಯ ಒಂದು ಕಡ್ಡಿ, ಎರಡು ಜೋಳದ ತೆನೆ, ಒಂದು ಹಳೆಯ ತಂಬಿಗೆ: ಬರಗಾಲದಲ್ಲಿ ಇವಕ್ಕೆ ನೀರು ಸಹ ಬೇಡ. ಗಂಡುಮಕ್ಕಳೂ ಇದನ್ನು ಜೋಡಿಸಲಿ. ಪ್ಲಾಸ್ಟಿಕ್ ಹೂವು ಬಾಡುವುದಿಲ್ಲವೆಂದು ಹೊಗಳುವವರು, ಅದು ಅರಳುವುದೂ ಇಲ್ಲವೆಂಬುದನ್ನು ಮರೆಯುತ್ತಾರೆ.

ಗುರುಬಂಧುಗಳೇ, ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕನ ಕರ್ತವ್ಯವೆಂದು 1976ರಲ್ಲಿ ಸಂವಿಧಾನದೊಳಗೆ ಬರೆಯಲಾಯಿತು. ನಮ್ಮ ಪಕ್ಕದ ಮಿರಜದಲ್ಲಿ ವೈದ್ಯಶಾಸ್ತ್ರ ಕಲಿತ ನರೇಂದ್ರ ದಾಭೋಲ್ಕರರು ಆ ಕರ್ತವ್ಯದಲ್ಲಿ ತೊಡಗಿದ್ದಾಗಲೇ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಲೆಯಾದರು. ಗುಡ್ಡಾಪುರದ ದಾನಮ್ಮ ಶರಣೆಯು ಈ ನೆಲದಲ್ಲಿ ಪೂಜೆಗೊಳ್ಳುತ್ತಿರುವುದು ಅವಳ ದಾನಗುಣಕ್ಕಾಗಿ. ಅವಳ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಕೇಳುವ ಭಕ್ತರನ್ನು ನಾನು ಕಂಡಿಲ್ಲ.

ಆದುದರಿಂದ ಗಾಳಿ-ನೀರಿನ ಶಾಸ್ತ್ರವನ್ನು ಶಾಲೆಯಲ್ಲಿಯೇ ಕಲಿಸೋಣ. ಆದರೆ ನಮ್ಮ ರೀತಿಯಲ್ಲಿ. ಮಕ್ಕಳು ತಮ್ಮ ತಮ್ಮ ಮನೆಯ ನಕ್ಷೆ ಬರೆಯಲಿ. ಬೆಳಕು ಎಲ್ಲಿಂದ ಬರುತ್ತದೆ, ಒಲೆಯ ಹೊಗೆ ಎಲ್ಲಿ ಹೋಗುತ್ತದೆ, ಎದುರುಬದುರು ಕಿಟಕಿಗಳಿವೆಯೇ, ನೀರಿನ ಹೌದಕ್ಕೆ ಮುಚ್ಚಳವಿದೆಯೇ, ಕೊಡ ಹೊತ್ತು ತರುವವರು ಯಾರು, ಎಷ್ಟು ದೂರದಿಂದ ಎಂದು ಗುರುತಿಸಲಿ. ಆ ನಕ್ಷೆಗಳನ್ನು ಗ್ರಾಮಸಭೆಯ ಮುಂದೆ ಇಡೋಣ. ಮನೆಗೆ ಬೇಕಾದ ಗಾಳಿಯನ್ನು ಕಿಟಕಿ ತೆರೆದು ಪಡೆಯೋಣ. ಊರಿಗೆ ಬೇಕಾದ ನೀರನ್ನು ಒಗ್ಗಟ್ಟಿನಿಂದ ಕೇಳಿ ಪಡೆಯೋಣ.