ಗಾಳಿಗೆ ತಡೆಯಿರಲಿ, ಒಲೆಗೆ ಉಸಿರೂ ಇರಲಿ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಿಗೆ ಬೇಸಿಗೆಯಲ್ಲಿ ಚಾರಣ ಹೊರಡುವವರಲ್ಲಿ ಇಂದು ಕನ್ನಡದ ಯುವಜನರೂ ಇದ್ದಾರೆ. ಬೆನ್ನಚೀಲದ ಭಾರ ಇಳಿಸಲೆಂದು ಅಂಗೈಯಗಲದ ಒಲೆ ಕೊಂಡು, ಪಾತ್ರೆಯ ಆಸರೆಯನ್ನೂ ಗಾಳಿಯ ತಡೆಯನ್ನೂ ತಾವೇ ಮಾಡಿಕೊಳ್ಳುವುದುಂಟು. ತಂತಿಬಲೆಯನ್ನು ಸುತ್ತಿದರೆ ಆಸರೆ, ಅಲ್ಯೂಮಿನಿಯಂ ಹಾಳೆಯನ್ನು ಮಡಿಸಿದರೆ ತಡೆ. ಈ ಕೈಗೆಲಸ ಮೆಚ್ಚತಕ್ಕದ್ದೇ. ಆದರೆ ಒಲೆಯ ಸ್ವಭಾವವನ್ನು ಅರಿಯದ ಜಾಣ್ಮೆ ಪ್ರಾಣಕ್ಕೆ ಎರವಾಗಬಲ್ಲದು ಎಂಬುದು ವೈದ್ಯನಾಗಿ ನನ್ನ ಅಭಿಪ್ರಾಯ.

ಸ್ಪಿರಿಟ್ ಒಲೆಯ ಸುತ್ತ ಪೂರ್ತಿ ತಡೆ ಕಟ್ಟಬಹುದು. ಬುಡದಲ್ಲಿ ರಂಧ್ರಗಳೂ ಪಾತ್ರೆಯ ಸುತ್ತ ತುಸು ಎಡೆಯೂ ಇದ್ದರೆ ಸಾಕು. ಬರ್ನರನ್ನು ಗ್ಯಾಸ್ ಡಬ್ಬಿಯ ಮೇಲೆಯೇ ತಿರುಗಿಸಿ ಕೂರಿಸುವ ಒಲೆಗೆ ಈ ಉಪಾಯ ಸಲ್ಲದು. ಸುತ್ತಲೂ ಮುಚ್ಚಿದರೆ ಶಾಖ ಡಬ್ಬಿಗೆ ಮರಳಿ, ಒಳಗಿನ ಒತ್ತಡ ಏರಿ, ಡಬ್ಬಿ ಸಿಡಿಯಬಹುದು. ಗಾಳಿ ಬೀಸುವ ಕಡೆಗಷ್ಟೇ ತಡೆಯಿರಲಿ. ಡಬ್ಬಿ ಮುಟ್ಟಿದಾಗ ಬಿಸಿಯೆನಿಸಿದರೆ ಒಲೆಯನ್ನು ಆರಿಸಲಿ. ಆಸರೆಗೆ ಸತು ಲೇಪಿಸಿದ ತಂತಿಬಲೆ ಬೇಡ. ಅತಿಯಾಗಿ ಕಾದ ಸತುವಿನ ಹೊಗೆ ಉಸಿರಿಗೆ ಸೇರಿದರೆ ಚಳಿಜ್ವರ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಬಲೆ ಲೇಸು.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಡೇರೆಯನ್ನೇ ಗಾಳಿತಡೆಯಾಗಿಸಿಕೊಳ್ಳುವುದು. ಮುಚ್ಚಿದ ಡೇರೆಯೊಳಗೆ ಒಲೆ ಉರಿದರೆ ಕಾರ್ಬನ್ ಮೋನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಯಾಸ ಇದರ ಲಕ್ಷಣಗಳು. 3000 ಮೀಟರ್ ಎತ್ತರದಲ್ಲಿ ಬೆಟ್ಟದ ಕಾಯಿಲೆಯ ಲಕ್ಷಣಗಳೂ ಇವೇ ಆದುದರಿಂದ, ವಿಷವೇರುತ್ತಿದ್ದರೂ ಎತ್ತರದ ಪರಿಣಾಮವೆಂದು ಭಾವಿಸಿ ಮಲಗಿಬಿಡುವ ಸಂಭವವಿದೆ. ಅನುಮಾನ ಬಂದೊಡನೆ ಹೊರಗಿನ ಗಾಳಿಗೆ ಬರಬೇಕು, ಸಹಾಯಕ್ಕೆ ಕರೆಯಬೇಕು.

ಇಲ್ಲಿಗೆ ಬರಲಿರುವವರು ಕಾನೂನನ್ನೂ ತಿಳಿದಿರಬೇಕು. ಕಾಳ್ಗಿಚ್ಚಿನ ನಿರ್ಬಂಧ ಜಾರಿಯಲ್ಲಿರುವಾಗ, ತಿರುಪಿ ಆರಿಸುವ ಕೀಲಿಯಿಲ್ಲದ ಸ್ಪಿರಿಟ್ ಒಲೆಗಳನ್ನು ಇಲ್ಲಿನ ಅನೇಕ ಅರಣ್ಯಗಳಲ್ಲಿ ಹೊತ್ತಿಸುವಂತಿಲ್ಲ. ಕೈಯಾರೆ ಮಾಡಿದ್ದೆಂಬ ಹೆಮ್ಮೆ ಅಲ್ಲಿ ನಡೆಯದು.

ನಮ್ಮ ಹಳ್ಳಿಗಳ ಮೂರು ಕಲ್ಲಿನ ಒಲೆಯನ್ನು ನೆನೆಯಿರಿ. ಪಾತ್ರೆ ಅಲುಗದು, ಕಲ್ಲುಗಳ ಸಂದಿನಲ್ಲಿ ಗಾಳಿಯೂ ಆಡುತ್ತದೆ. ಆಸರೆ, ತಡೆ, ಉಸಿರು ಮೂರೂ ಹದವಾಗಿರಬೇಕೆಂಬ ವಿವೇಕ ನಮಗೆ ಹೊಸತಲ್ಲ. ಊರಿನಲ್ಲಿರುವ ತಂದೆತಾಯಿಯರಲ್ಲಿ ನನ್ನದೊಂದು ವಿನಂತಿ: ಮಕ್ಕಳು ಬೆಟ್ಟಕ್ಕೆ ಹೊರಟೆವೆಂದು ಫೋನ್ ಮಾಡಿದಾಗ ಊಟದ ಜೊತೆಗೆ ಇದನ್ನೂ ವಿಚಾರಿಸಿ, “ಒಲೆ ಹಚ್ಚುವುದು ಡೇರೆಯ ಹೊರಗೇ ತಾನೆ?”